ಬೀಗ ಹಾಕಿ ಹೋದ ಪಾದ್ರಿಗಳಿಗೆ

ಶೆಫೀಲ್ಡ್ ಪಟ್ಟಣದ ಕೀರ್ತಿಶೇಷ ಸ್ಯಾಮ್ಯುಯೆಲ್ ಅರ್ನ್‌ಶಾ ಪಾದ್ರಿಗಳ ಸನ್ನಿಧಿಗೆ,

ತಿಪಟೂರಿನ ಮೋಟಾರ್ ವೈಂಡಿಂಗ್ ಅಂಗಡಿಯವನ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು 1888ರಲ್ಲೇ ತೀರಿಕೊಂಡಿರುವುದರಿಂದ ಆ ಕಡೆಯ ಕುಶಲವನ್ನು ಬಲವಂತ ಮಾಡಿ ಕೇಳುವುದಿಲ್ಲ. ಈ ಕಡೆ ಎಲ್ಲರೂ ಕ್ಷೇಮ, ನನ್ನ ಎಡಗೈ ತೋರುಬೆರಳೊಂದನ್ನು ಬಿಟ್ಟು. ಎರಡು ಅಯಸ್ಕಾಂತಗಳ ನಡುವೆ ಸಿಕ್ಕಿ ಅದರ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆ. ನೂರ ಎಂಬತ್ತು ವರ್ಷದ ಹಿಂದೆ ತಾವು ಬರೆದ ಒಂದು ಲೇಖನವನ್ನು ನಾನು ಮೊದಲೇ ಓದಿದ್ದರೆ ಈ ಬೆರಳು ಉಳಿಯುತ್ತಿತ್ತು. ಓದಿರಲಿಲ್ಲ. ಆದ್ದರಿಂದ ತಪ್ಪು ತಮ್ಮದೇ.

ನನ್ನ ಪರಿಚಯ ಸ್ವಲ್ಪ ಹೇಳಬೇಕು. ಕೊಬ್ಬರಿ ಮಂಡಿಗಳ ಈ ಊರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದೇನೆ. ತೋಟದ ಬೋರ್‌ವೆಲ್ ಮೋಟಾರು, ಮನೆಯ ಫ್ಯಾನು, ದೋಸೆಹಿಟ್ಟಿನ ಗ್ರೈಂಡರು. ಸುಟ್ಟದ್ದು ಆಗೊಮ್ಮೆ ಈಗೊಮ್ಮೆ. ದಿನಾ ಬರುವುದು ಬೇರಿಂಗ್ ಹೋದದ್ದು. 'ಕಿರ್ ಅಂತದೆ ಕಣಣ್ಣ, ರಾತ್ರಿಯೆಲ್ಲಾ ನಿದ್ದೆ ಇಲ್ಲ' ಎಂದು ಫ್ಯಾನನ್ನು ಜ್ವರ ಬಂದ ಮಗುವಿನ ಹಾಗೆ ತಬ್ಬಿಕೊಂಡು ತರುತ್ತಾರೆ. ಪುಲ್ಲರ್ ಹಾಕಿ ಹಳೆಯದನ್ನು ಎಳೆದು ಹೊಸ 6202 ಕೂರಿಸಿ ಕಳಿಸುತ್ತೇನೆ. 6202 ಎಂದರೆ 15 ಮಿ.ಮೀ. ತೂತು, 35 ಮಿ.ಮೀ. ಅಗಲ, 11 ಮಿ.ಮೀ. ದಪ್ಪದ ಒಂದು ಉಕ್ಕಿನ ಬಳೆ. ಒಳಗೆ ಗುಂಡುಗಳು, ಗುಂಡಿಗೆ ಗ್ರೀಸು. ನನ್ನಿಬ್ಬರು ಮಕ್ಕಳ ಓದು ಆ ಗುಂಡುಗಳ ಮೇಲೆಯೇ ಉರುಳಿಕೊಂಡು ದಡ ಸೇರಿತು.

ಹೀಗಿರುವಾಗ ಅಕ್ಕನ ಮಗ ಬಂದ. ಎಂಜಿನಿಯರಿಂಗ್ ಕೊನೆಯ ವರ್ಷ, ಪ್ರಾಜೆಕ್ಟಿಗೆ ವಿಷಯ ಬೇಕಿತ್ತು. ಬಿಚ್ಚಿಟ್ಟಿದ್ದ ಬೇರಿಂಗೊಂದನ್ನು ಬೆರಳಿಗೆ ಏರಿಸಿಕೊಂಡು ತಿರುಗಿಸುತ್ತಾ, 'ಮಾವ, ಇದೆಲ್ಲ ಯಾಕೆ? ಅಯಸ್ಕಾಂತಕ್ಕೆ ಅಯಸ್ಕಾಂತ ಎದುರಿಟ್ರೆ ತಳ್ಳುತ್ತಲ್ಲ. ಕೆಳಗೊಂದು, ಮೇಲೊಂದು, ಸುತ್ತ ನಾಲ್ಕು ಇಟ್ಟುಬಿಟ್ರೆ ಶಾಫ್ಟು ಗಾಳೀಲಿ ನಿಲ್ಲುತ್ತೆ. ಮುಟ್ಟೋದೇ ಇಲ್ಲ ಅಂದ್ಮೇಲೆ ಸವೆಯೋದೆಲ್ಲಿ?' ಎಂದ.

ಸ್ವಾಮಿ, ಈ ಮಾತಿನಲ್ಲಿ ಎಲ್ಲಿ ತಪ್ಪಿದೆ ಹೇಳಿ. ಬೇರಿಂಗ್ ಮಾರಿ ಹೊಟ್ಟೆ ಹೊರೆಯುವ ನಾನೇ ಗಲ್ಲಾ ಬಿಟ್ಟು ಎದ್ದು ನಿಂತೆ. ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದರು, ಅದು ಹೋಗಿ ಗ್ರೀಸು ಬಂತು. ಗ್ರೀಸೂ ಹೋಗುವ ಕಾಲ ಬಂದರೆ ಅದು ನನ್ನ ಅಂಗಡಿಯಿಂದಲೇ ಬರಲಿ ಎನ್ನಿಸಿತು. ಗುಜರಿಯಿಂದ ಒಡೆದ ಸ್ಪೀಕರುಗಳ ಉಂಗುರಗಳನ್ನು ತಂದೆವು. ಪಿ.ವಿ.ಸಿ. ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ ಒಂದು ಉಂಗುರ ಇಳಿಸಿದೆವು, ಮೇಲೆ ಇನ್ನೊಂದು. ಎರಡನೆಯದು ಎರಡು ಬೆರಳು ಎತ್ತರದಲ್ಲಿ ನಿಂತುಬಿಟ್ಟಿತು! ಒತ್ತಿದರೆ ಸ್ಪ್ರಿಂಗಿನ ಹಾಗೆ ಕುಗ್ಗಿ ಮತ್ತೆ ಏಳುತ್ತದೆ. ಬೆರಳಲ್ಲಿ ಚಿಮ್ಮಿದರೆ ಸದ್ದಿಲ್ಲದೆ ತಿರುಗುತ್ತದೆ. ನನ್ನ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, 'ಈ ಪೈಪು ಯಾಕೆ?' ಎಂದಳು.

ಪೈಪು ತೆಗೆದೆವು. ಮೇಲಿನ ಉಂಗುರ ಅರೆಗಳಿಗೆಯೂ ಯೋಚಿಸಲಿಲ್ಲ. ಪಕ್ಕಕ್ಕೆ ಜಾರಿ, ಲಾಗ ಹೊಡೆದು, ಟಪ್ ಎಂದು ಕೆಳಗಿನದಕ್ಕೆ ಅಂಟಿಕೊಂಡಿತು. ಅಲ್ಲಿಂದ ಮುಂದೆ ಏಳು ರಾತ್ರಿ. ಪಕ್ಕಕ್ಕೆ ಜಾರದಂತೆ ಸುತ್ತ ಅಯಸ್ಕಾಂತ ಇಟ್ಟರೆ ಮೇಲಕ್ಕೆ ಚಿಮ್ಮುತ್ತದೆ. ಮೇಲಿಂದ ಅದುಮಿದರೆ ಇನ್ನೊಂದು ಪಕ್ಕಕ್ಕೆ ನುಸುಳುತ್ತದೆ. ಶಕ್ತಿ ಸಾಲದೇನೋ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಿಯೋಡೈಮಿಯಂ ಉಂಗುರಗಳನ್ನು ತರಿಸಿದೆವು. ನನ್ನ ಬೆರಳು ಹೋದದ್ದು ಆವಾಗ. ಒಂದು ಉಂಗುರ ಒಡೆದು ಚೂರಾಯಿತು, ಚೂರುಗಳೂ ಒಂದಕ್ಕೊಂದು ಅಂಟಿಕೊಂಡು ಮುಳ್ಳುಹಂದಿಯಾದವು. ಎಂಟನೆಯ ದಿನ ಹುಡುಗ ಕಾಲೇಜಿನಿಂದ ಸಪ್ಪೆ ಮೋರೆ ಹಾಕಿಕೊಂಡು ಬಂದು, 'ಆಗಲ್ಲವಂತೆ ಮಾವ. ಯಾರೋ ಪಾದ್ರಿ ಆಗಲ್ಲ ಅಂತ ಮೊದಲೇ ಬರೆದಿಟ್ಟಿದಾನಂತೆ' ಎಂದ.

ಹಾಗೆ ನನಗೆ ತಮ್ಮ ಪರಿಚಯವಾಯಿತು.

ಆಮೇಲೆ ವಿಚಾರಿಸಿದೆ. ತಾವು ಸಾಮಾನ್ಯರಲ್ಲ. 1831ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಗೆ ಮೊದಲಿಗರು. ಆಮೇಲೆ ಧರ್ಮದೀಕ್ಷೆ, ಆರೋಗ್ಯ ಕೆಟ್ಟು ಊರಿಗೆ ವಾಪಸು. ಊರೂ ಎಂಥದ್ದು, ಉಕ್ಕಿಗೂ ಚಾಕುಚೂರಿಗೂ ಹೆಸರಾದ ಶೆಫೀಲ್ಡು. ಆದರೆ ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಆ ಲೇಖನ ಬರೆಯುವಾಗ ತಮ್ಮ ತಲೆಯಲ್ಲಿ ಅಯಸ್ಕಾಂತವೂ ಇರಲಿಲ್ಲ, ಬೇರಿಂಗೂ ಇರಲಿಲ್ಲ. 1839ರಲ್ಲಿ ಓದಿ 1842ರಲ್ಲಿ ಅಚ್ಚಾದ ಆ ಬರಹ ಇದ್ದದ್ದು ಈಥರಿನ ಮೇಲೆ. ಬೆಳಕನ್ನು ಹೊತ್ತು ತರುತ್ತದೆಂದು ಆ ಕಾಲದವರು ನಂಬಿದ್ದ, ಕಣ್ಣಿಗೆ ಕಾಣದ ಪದಾರ್ಥದ ಮೇಲೆ. ಅದರ ಕಣಗಳು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವ ಬಲದಿಂದ ಒಂದನ್ನೊಂದು ಹಿಡಿದು ನಿಲ್ಲಿಸಲಾರವು ಎಂದು ತಾವು ತೋರಿಸಿದಿರಿ. ತಾವು ಕಣ್ಣು ಮುಚ್ಚುವ ಹಿಂದಿನ ವರ್ಷ, 1887ರಲ್ಲಿ, ಮೈಕೆಲ್ಸನ್ ಮತ್ತು ಮಾರ್ಲಿ ಎಂಬಿಬ್ಬರು ಆ ಈಥರನ್ನು ಹುಡುಕಿ ಬರಿಗೈಲಿ ಬಂದರು. ಬರಬರುತ್ತಾ ಈಥರನ್ನು ಕೇಳುವವರೇ ಇಲ್ಲವಾದರು. ಮನೆ ಬಿದ್ದುಹೋಯಿತು ಪಾದ್ರಿಗಳೇ, ಬಾಗಿಲಿಗೆ ತಾವು ಹಾಕಿದ ಬೀಗ ಮಾತ್ರ ಉಳಿಯಿತು. ಆ ಬೀಗವೇ ಈಗ ನನ್ನ ಅಂಗಡಿಯ ಮೇಜಿನ ಮೇಲೆ ಬಂದು ಕೂತಿದೆ.

ಬೀಗದ ವಿದ್ಯೆಯನ್ನು ಹುಡುಗ ನನಗೆ ಎರಡು ಸಂಜೆ ವಿವರಿಸಿದ. ಸಮೀಕರಣ ತಲೆಗೆ ಹತ್ತಲಿಲ್ಲ, ಎತ್ತು ಹತ್ತಿತು. ಎತ್ತಿನ ಬೆನ್ನ ಮೇಲೆ ನಿಂಬೆಹಣ್ಣು ಇಡಿ. ಮುಂದೆ ಹಿಣಿಲು, ಹಿಂದೆ ಪಿರ್ರೆಯ ಉಬ್ಬು, ನಡುವೆ ತಗ್ಗು. ಹಣ್ಣು ಹಿಂದೆ ಮುಂದೆ ಹೋಗಲಾರದು. ಆದರೆ ಪಕ್ಕೆಯ ಕಡೆಗೆ ಇಳಿಜಾರಿದೆ, ಉರುಳಿ ಬೀಳುತ್ತದೆ. ಅಯಸ್ಕಾಂತಗಳನ್ನು ಹೇಗೇ ಜೋಡಿಸಿ, ಅವು ನಡುವೆ ಕಟ್ಟಿಕೊಡುವ ಜಾಗ ಎತ್ತಿನ ಬೆನ್ನೇ ಹೊರತು ಬಟ್ಟಲು ಎಂದೂ ಆಗದು. ಮಂಡಿಯ ಲೆಕ್ಕದಲ್ಲಿ ಹೇಳಿದರೆ, ಮೂರು ದಿಕ್ಕಿನ ಹಿಡಿತವನ್ನು ಕೂಡಿದಾಗ ಮೊತ್ತ ಸೊನ್ನೆ ಬರಲೇಬೇಕು. ದುಂಡನೆಯ ಉಂಗುರಗಳಲ್ಲಿ ಶಾಫ್ಟಿನ ಆಚೀಚೆ ಎಷ್ಟು ಹಿಡಿತ ಗಳಿಸಿದಿರೋ ಅದರ ಎರಡರಷ್ಟನ್ನು ಉದ್ದಕ್ಕೆ ಕಳೆದುಕೊಳ್ಳುತ್ತೀರಿ. ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಇಂಥ ಲೆಕ್ಕವನ್ನು ಪಾದ್ರಿಗಳಲ್ಲದೆ ಇನ್ನಾರು ಬರೆದಾರು?

ಇಷ್ಟು ತಿಳಿದ ಮೇಲೆ ನನಗೊಂದು ಹಳೆಯ ವಸ್ತು ನೆನಪಾಯಿತು. ಅದನ್ನು ತಮಗೆ ತೋರಿಸಲೇಬೇಕು.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಕೆಇಬಿ ಮೀಟರಿತ್ತು. ಕರಿಯ ಡಬ್ಬ, ಮುಂದೆ ಗಾಜು, ಗಾಜಿನ ಹಿಂದೆ ಅಡ್ಡಡ್ಡ ತಿರುಗುವ ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಅಂಚಿಗೊಂದು ಮಸಿಗುರುತು. ನಮ್ಮಪ್ಪ ಮಲಗುವ ಮುಂಚೆ ಟಾರ್ಚ್ ಹಿಡಿದು ಅದನ್ನು ನೋಡುತ್ತಿದ್ದರು. ನಿಂತಿದ್ದರೆ ಸಮಾಧಾನ. ತೆವಳುತ್ತಿದ್ದರೆ, 'ಎಲ್ಲೋ ಒಂದು ಬಲ್ಬು ಉರೀತಾ ಅದೆ' ಎಂದು ಬಚ್ಚಲಿನಿಂದ ಕೊಟ್ಟಿಗೆಯವರೆಗೆ ಹುಡುಕುತ್ತಿದ್ದರು. ಒಂದು ಯೂನಿಟ್ಟಿಗೆ 600 ಸುತ್ತು ಎಂದು ಅದರ ಮೇಲೆ ಬರೆದಿತ್ತು. 60 ವಾಟಿನ ಒಂದೇ ಬಲ್ಬು ಉರಿದರೆ ಒಂದು ಸುತ್ತಿಗೆ 100 ಸೆಕೆಂಡ್. ಅಷ್ಟು ನಿಧಾನವಾಗಿ ತೆವಳುವ ಬಿಲ್ಲೆಯ ಬುಡದಲ್ಲಿ ಕೂದಲೆಳೆಯಷ್ಟು ಜಗ್ಗಾಟ ಇದ್ದರೂ ಲೆಕ್ಕ ತಪ್ಪುತ್ತದೆ. 1889ರಲ್ಲಿ ಹಂಗೇರಿಯ ಒಟ್ಟೊ ಬ್ಲಾತಿ ಈ ಬಗೆಯ ಮೀಟರಿಗೆ ಪೇಟೆಂಟ್ ಪಡೆದ ಮೇಲೆ, ಕೈಗಡಿಯಾರದ ಹಾಗೆ ಬುಡದಲ್ಲಿ ನೀಲದ ಹರಳಿಟ್ಟು ಅದರ ಗುಳಿಯಲ್ಲಿ ಉಕ್ಕಿನ ಮೊನೆ ಕೂರಿಸುವ ರೂಢಿ ಬಂತು. ಹರಳೂ ಸವೆಯುತ್ತದೆ, ಮೊನೆಯೂ ಮೊಂಡಾಗುತ್ತದೆ. ಸವೆದ ಮೀಟರು ನಿಧಾನವಾಗುತ್ತದೆ, ನಿಧಾನವಾದರೆ ಬಿಲ್ಲು ಇಳಿಯುತ್ತದೆ. ಘರ್ಷಣೆ ಎಂಬುದು ಆ ಕಾಲದಲ್ಲಿ ಬಡವರ ಕಡೆ ನಿಂತಿದ್ದ ಏಕೈಕ ನೈಸರ್ಗಿಕ ಬಲ ಎಂದರೆ ತಾವು ಬೇಸರಿಸಬಾರದು.

ಕಂಪನಿಗಳಿಗೆ ಇದು ಸಹಿಸಲಿಲ್ಲ. 1948ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು ಬಿಲ್ಲೆಯನ್ನು ಅಯಸ್ಕಾಂತದ ಬಲದಿಂದ ತೇಲಿಸಿದ ಮೀಟರನ್ನು ಹೊರತಂದರು, ಉಳಿದವರು ಹಿಂದೆ ಬಂದರು. ಹುಡುಗನ ಮಾತು ಕೇಳಿದ ಮೇಲೆ ಗುಜರಿಯಲ್ಲಿ ತೂಕಕ್ಕೆ ಬಿದ್ದಿದ್ದ ಅಂಥದ್ದೊಂದನ್ನು ತಂದು ಬಿಚ್ಚಿದೆ. ಬಿಲ್ಲೆಯ ಕಂಬಿಯ ಬುಡಕ್ಕೊಂದು ಪುಟ್ಟ ಉಂಗುರ ಅಯಸ್ಕಾಂತ, ಅದರ ಕೆಳಗೆ ಅದಕ್ಕೆ ಬೆನ್ನು ತಿರುಗಿಸಿದ ಇನ್ನೊಂದು. ನಡುವೆ ರಟ್ಟು ತೂರಿಸುವಷ್ಟು ಸಂದು. ನಮ್ಮ ಸ್ಪೀಕರ್ ಉಂಗುರಗಳದ್ದೇ ಆಟ! ಕನ್ನಡಕ ಹಾಕಿಕೊಂಡು ಒಳಗೆ ನೋಡಿದೆ. ಎರಡು ಉಂಗುರಗಳ ನಟ್ಟನಡುವೆ ಸೂಜಿಯಂಥ ಒಂದು ಉಕ್ಕಿನ ಕಡ್ಡಿ ನಿಂತಿತ್ತು. ಭಾರ ಹೊರುವುದು ಅದರ ಕೆಲಸವಲ್ಲ. 'ಪಕ್ಕಕ್ಕೆ ಹೋಗಬೇಡ' ಎಂದು ಹೇಳುವುದಷ್ಟೇ. ಅದು ನನ್ನ ಹೆಂಡತಿ ಕೇಳಿದ ಪೈಪು ಸ್ವಾಮಿ.

ಅದೇ ಡಬ್ಬದಲ್ಲಿ ಇನ್ನೊಂದು ಅಯಸ್ಕಾಂತವಿದೆ, ಕುದುರೆ ಲಾಳದಂಥದ್ದು, ಬಿಲ್ಲೆಯ ಅಂಚನ್ನು ಬಾಯಲ್ಲಿ ಇಟ್ಟುಕೊಂಡು ಕೂತಿರುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ಅದರ ಮುಂದೆ ಓಡಿದರೆ ಬಿಲ್ಲೆಯೊಳಗೇ ಸುಳಿಯಂಥ ಕರೆಂಟು ಹುಟ್ಟಿ ಓಟಕ್ಕೆ ತಡೆ ಒಡ್ಡುತ್ತದೆ. ಬೇಗ ಓಡಿದಷ್ಟೂ ಜೋರಾಗಿ ತಡೆ. ಈ ಬ್ರೇಕು ಇಲ್ಲದಿದ್ದರೆ ಬಿಲ್ಲೆ ಲಂಗುಲಗಾಮಿಲ್ಲದೆ ಓಡಿ ಲೆಕ್ಕವೆಲ್ಲ ಹಾಳು. ಬುಡದ ಅಯಸ್ಕಾಂತ ಘರ್ಷಣೆ ಹೋಗಲಿ ಎಂದು ಎತ್ತಿ ಹಿಡಿಯುತ್ತದೆ, ಅಂಚಿನದು ತಡೆ ಇರಲಿ ಎಂದು ಹಿಡಿದು ಜಗ್ಗುತ್ತದೆ. ಸವೆತದ ತಡೆಯನ್ನು ನಂಬುವ ಹಾಗಿಲ್ಲ, ಈ ತಡೆಯನ್ನು ನಂಬಬಹುದು, ಅಷ್ಟೇ ವ್ಯತ್ಯಾಸ. ನಮ್ಮ ಕಡೆಯ ಬುದ್ಧಿವಂತರು ಕೆಲವರು ಮೂರನೆಯದೊಂದನ್ನು ಡಬ್ಬದ ಹೊರಗೆ ತಂದಿಟ್ಟು ಬಿಲ್ಲೆಯನ್ನು ಇನ್ನಷ್ಟು ನಿಧಾನಿಸುತ್ತಿದ್ದರು. ಅವರಿಗಾಗಿಯೇ ಸರ್ಕಾರ 2003ರ ವಿದ್ಯುತ್ ಕಾಯಿದೆಯಲ್ಲಿ 135ನೇ ಕಲಮನ್ನು ಇಟ್ಟಿದೆ. ಈಗಿನ ಮೀಟರುಗಳಲ್ಲಿ ಬಿಲ್ಲೆಯೇ ಇಲ್ಲ. ಅಯಸ್ಕಾಂತ ತಂದರೆ ತಂದ ಗಳಿಗೆಯನ್ನು ಬರೆದಿಟ್ಟುಕೊಳ್ಳುತ್ತವೆ.

ಆ ಸೂಜಿ ನೋಡಿದ ಮೇಲೆ ನನಗೆ ಎಲ್ಲೆಲ್ಲೂ ಸೂಜಿಯೇ ಕಾಣತೊಡಗಿತು. ಯುರೇನಿಯಂ ಬೇರ್ಪಡಿಸುವ ಜಿಪ್ಪೆಯವರ ಸೆಂಟ್ರಿಫ್ಯೂಜಿನಲ್ಲಿ ಮೇಲ್ಗಡೆ ಅಯಸ್ಕಾಂತ ಹಿಡಿದಿರುತ್ತದೆ, ಕೆಳಗೆ ಸೂಜಿಮೊನೆ ಊರಿರುತ್ತದೆ. ಬಾಂಬು ಮಾಡುವಷ್ಟು ವಿದ್ಯೆ ಕಲಿತವರೂ ತಮ್ಮ ಬೀಗಕ್ಕೆ ಕೈಮುಗಿದು ಒಂದು ಮೊನೆ ಊರಿದ್ದಾರೆ. ನಮ್ಮ ಅರವಿಂದ ಗುಪ್ತಾ ಅವರು ಮಕ್ಕಳಿಗೆ ಕಸದಿಂದ ಆಟಿಕೆ ಮಾಡಲು ಕಲಿಸಿದವರು. ಅವರ ತೇಲುವ ಪೆನ್ಸಿಲು ಉಂಗುರಗಳ ಮೇಲೆ ಅಡ್ಡಲಾಗಿ ತೇಲಿ ಗಿರ್ರನೆ ತಿರುಗುತ್ತದೆ, ಮೊನೆ ಮಾತ್ರ ಒಂದು ಹಳೆಯ ಸಿ.ಡಿ.ಗೆ ಒರಗಿರುತ್ತದೆ. ಅವರು ಆ ಸಿ.ಡಿ.ಯನ್ನು ಬಚ್ಚಿಡುವುದಿಲ್ಲ. ಆಟಿಕೆ ಮಾಡುವವರ ಪ್ರಾಮಾಣಿಕತೆ ಜಾಹೀರಾತು ಮಾಡುವವರಿಗೆ ಇದ್ದಿದ್ದರೆ ನನ್ನ ಬೆರಳು ಉಳಿಯುತ್ತಿತ್ತು.

ತಮ್ಮ ಬೀಗ ಒಡೆದವರೇ ಇಲ್ಲವೇ ಎಂದು ತಾವು ಕೇಳಬಹುದು. ಒಡೆದವರಿಲ್ಲ, ಹಿತ್ತಿಲ ಬಾಗಿಲಿನಿಂದ ಹೋದವರಿದ್ದಾರೆ. ಒಬ್ಬ ರಾಯ್ ಹ್ಯಾರಿಗನ್, ಅಮೆರಿಕದ ವರ್ಮಾಂಟಿನವನು, ಕಾಲೇಜು ಮೇಷ್ಟರಲ್ಲ, ನನ್ನ ಜಾತಿಯವನು. ವಿದ್ವಾಂಸರು ಸಾಧ್ಯವಿಲ್ಲ ಎಂದರೂ ಕೇಳದೆ ಅಯಸ್ಕಾಂತದ ಬುಗುರಿಯೊಂದನ್ನು ಗಾಳಿಯಲ್ಲಿ ನಿಲ್ಲಿಸಿ 1983ರಲ್ಲಿ ಪೇಟೆಂಟ್ ಪಡೆದ. ಸುತ್ತುತ್ತಿರುವ ಬುಗುರಿಗೆ ಲಾಗ ಹೊಡೆಯಲು ಪುರುಸೊತ್ತಿಲ್ಲ, ಅದೇ ಗುಟ್ಟು. ತಮ್ಮ ಲೆಕ್ಕ ನಿಂತ ವಸ್ತುವಿಗೆ, ಅವನದು ತಿರುಗುವ ವಸ್ತು. ಅದು ಯಾಕೆ ನಿಲ್ಲುತ್ತದೆ ಎಂಬುದನ್ನು ಮೈಕೆಲ್ ಬೆರಿ ಎಂಬ ಭೌತವಿಜ್ಞಾನಿ ಗಣಿತದಲ್ಲಿ ಬಿಡಿಸಿ ಬರೆದದ್ದು 1996ರಲ್ಲಿ. ಆದರೆ ಆ ಬುಗುರಿಯ ತೂಕಕ್ಕೆ ತೆಳು ವಾಷರುಗಳನ್ನು ಸೇರಿಸಿ, ತೆಗೆದು, ಚಿನ್ನ ತೂಗುವವನ ಹಾಗೆ ಹದ ಮಾಡಬೇಕು, ಮತ್ತೆ ಗಾಳಿಯ ತಡೆಗೆ ವೇಗ ಇಳಿದೊಡನೆ ಕೆಳಗೆ ಬೀಳುತ್ತದೆ. ಅದರ ಮೇಲೆ ಫ್ಯಾನಿನ ರೆಕ್ಕೆ ಕಟ್ಟುವ ಹಾಗಿಲ್ಲ. ಅಯಸ್ಕಾಂತವನ್ನು ಕಂಡರೆ ದೂರ ಸರಿಯುವ ವಸ್ತುಗಳಿಗೂ ತಮ್ಮ ಬೀಗ ಅನ್ವಯಿಸುವುದಿಲ್ಲವಂತೆ. 1997ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಒಂದು ಜೀವಂತ ಕಪ್ಪೆಯನ್ನೇ ತೇಲಿಸಿದರು. 16 ಟೆಸ್ಲಾ ಬಲದ ಅಯಸ್ಕಾಂತ, ಎದುರಿಗೆ ಒಂದು ಕಪ್ಪೆ. ನನ್ನ ಗಿರಾಕಿಗಳು ಕಪ್ಪೆಯನ್ನು ಬೇರಿಂಗ್ ಎಂದು ಒಪ್ಪುವುದಿಲ್ಲ.

ದುಡ್ಡಿದ್ದವರ ದಾರಿ ಬೇರೆ. ಅವರು ಕಾವಲುಗಾರನನ್ನು ಇಟ್ಟುಕೊಳ್ಳುತ್ತಾರೆ. ಶಾಫ್ಟು ಕೂದಲೆಳೆ ಸರಿದರೂ ಸೆನ್ಸರು ಕಂಡುಹಿಡಿದು, ಕಾಯಿಲಿಗೆ ಕರೆಂಟು ಏರಿಸಿ ಇಳಿಸಿ ಅದನ್ನು ವಾಪಸು ನಡುವಿಗೆ ಎಳೆಯುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ವರ್ಜೀನಿಯಾ ವಿಶ್ವವಿದ್ಯಾಲಯದ ಜೆಸ್ಸಿ ಬೀಮ್ಸ್ ಕಳೆದ ಶತಮಾನದ ನಡುವಿನಲ್ಲೇ ಹೀಗೆ ಸಾಸಿವೆಯಂಥ ಉಕ್ಕಿನ ಗುಂಡನ್ನು ನಿರ್ವಾತದಲ್ಲಿ ತೂಗುಹಾಕಿ, ಸೆಕೆಂಡಿಗೆ ಲಕ್ಷಗಟ್ಟಲೆ ಸುತ್ತು ತಿರುಗಿಸಿ, ತನ್ನ ವೇಗಕ್ಕೆ ತಾನೇ ಸಿಡಿದುಹೋಗುವವರೆಗೂ ಬಿಡಲಿಲ್ಲ. ಈಗ ದೊಡ್ಡ ಕಟ್ಟಡಗಳ ಎ.ಸಿ. ಕಂಪ್ರೆಸರುಗಳಲ್ಲಿ, ನಿರ್ವಾತದ ಪಂಪುಗಳಲ್ಲಿ ಇದೇ ಏರ್ಪಾಡು. ಎಣ್ಣೆ ಇಲ್ಲ, ಸವೆತ ಇಲ್ಲ. ಕರೆಂಟ್ ಹೋದರೆ? ತಿಪಟೂರಿನವನಾದ ನನಗೆ ಮೊದಲು ಹೊಳೆದ ಪ್ರಶ್ನೆ ಅದೇ. ಹೋದರೆ ಶಾಫ್ಟು ಬಂದು ಕೂರಲು ಪಕ್ಕದಲ್ಲಿ ಒಂದು ಜೊತೆ ಬೇರಿಂಗು ಕಾದು ಕೂತಿರುತ್ತದೆಯಂತೆ. ಎಂಥ ಬೇರಿಂಗು? ಅನೇಕ ಯಂತ್ರಗಳಲ್ಲಿ ಗುಂಡಿನ ಬೇರಿಂಗು! ಈ ಸುದ್ದಿ ಕೇಳಿದ ದಿನ ನಾನು ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ.

ಒಂದೇ ಒಂದು ಕಡೆ ನನ್ನ ಕುಹಕ ನಡೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೋತ ಹೃದಯಕ್ಕೆ ಆಸರೆಯಾಗಿ ಮೈಯೊಳಗೆ ಇಡುವ ಪಂಪಿದೆ. ಹಾರ್ಟ್‌ಮೇಟ್ 2 ಎಂಬ ಹಳೆಯ ಪಂಪಿನ ಚಕ್ರ ಮಾಣಿಕ್ಯದ ಹರಳಿನ ಬೇರಿಂಗಿನ ಮೇಲೆ ತಿರುಗುತ್ತಿತ್ತು, ಅದಕ್ಕೆ ಎಣ್ಣೆ ಎಂದರೆ ರೋಗಿಯ ರಕ್ತವೇ. ಹರಳಿನ ಸುತ್ತ ರಕ್ತ ಹೆಪ್ಪುಗಟ್ಟುವ ಕಾಟವಿತ್ತು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹಾರ್ಟ್‌ಮೇಟ್ 3ರಲ್ಲಿ ಚಕ್ರ ಪೂರ್ತಿ ಅಯಸ್ಕಾಂತದ ಮೇಲೆ ತೇಲುತ್ತದೆ, ಎಲ್ಲಿಯೂ ತಾಗುವುದಿಲ್ಲ. ಹರಳಿನಿಂದ ಅಯಸ್ಕಾಂತಕ್ಕೆ ಬಂದ ಮೀಟರಿನ ಕಥೆಯೇ, ಆದರೆ ಇಲ್ಲಿ ಸೂಜಿಯೂ ಇಲ್ಲ, ಯಾಕೆಂದರೆ ಸೂಜಿ ಇದ್ದಲ್ಲೇ ಸಾವು ಬಂದು ಕೂರುತ್ತದೆ. ಸೊಂಟಕ್ಕೆ ಕಟ್ಟಿಕೊಂಡ ಬ್ಯಾಟರಿ ಆ ಕಾವಲುಗಾರನ ಸಂಬಳ ಕೊಡುತ್ತಿರುತ್ತದೆ. ಆ ಸಂಬಳಕ್ಕೆ ನಾನು ಏನೂ ಅನ್ನುವುದಿಲ್ಲ.

ಆದರೆ ನನ್ನ ಅಂಗಡಿಗೆ ಬರುವವರು ಬೇರೆ. ಹೋದ ತಿಂಗಳು ಒಬ್ಬರು ಸೈಕಲ್ ಚಕ್ರಕ್ಕೆ ಸುತ್ತಲೂ ಅಯಸ್ಕಾಂತ ಅಂಟಿಸಿಕೊಂಡು ಬಂದಿದ್ದರು. ಘರ್ಷಣೆ ಒಂದು ಹೋದರೆ ಕರೆಂಟಿಲ್ಲದೆ ತಾನೇ ತಿರುಗುತ್ತದೆಯಂತೆ, ಬೇರಿಂಗಿನ ಸಮಸ್ಯೆ ಮಾತ್ರ ಬಾಕಿ ಇದೆಯಂತೆ. ಘರ್ಷಣೆ ಪೂರಾ ಹೋದರೂ ಚಕ್ರ ತಿರುಗುತ್ತಾ ಇರಬಹುದೇ ಹೊರತು ಒಂದು ಬಲ್ಬನ್ನೂ ಉರಿಸಲಾರದು ಎಂದೆ. ನನ್ನನ್ನು ಕಂಪನಿಗಳ ಏಜೆಂಟ್ ಎಂಬಂತೆ ನೋಡಿದರು. ಇನ್ನು ಬಿ.ಎಲ್.ಡಿ.ಸಿ. ಫ್ಯಾನಿನವರು. 'ಇದರಲ್ಲಿ ಮ್ಯಾಗ್ನೆಟ್ ಅದೆಯಲ್ಲ, ಮತ್ತೆ ಬೇರಿಂಗ್ ಯಾಕೆ ಹೋಯ್ತು?' ಎಂದು ಜಗಳಕ್ಕೇ ಬರುತ್ತಾರೆ. ಆ ಮ್ಯಾಗ್ನೆಟ್ಟು ತಿರುಗಿಸಲಿಕ್ಕೆ ಸ್ವಾಮಿ, ಹೊರಲಿಕ್ಕಲ್ಲ ಎಂದು ಬಿಚ್ಚಿ ತೋರಿಸಿದರೆ ಒಳಗೆ ಅದೇ ಬಳೆ. ಒಳ್ಳೆಯ ಗುಂಡಿನ ಬೇರಿಂಗಿನಲ್ಲಿ ನಾಲ್ಕು ಕಿಲೊ ಭಾರಕ್ಕೆ ಬರುವ ತಡೆ ಸುಮಾರು ಆರು ಗ್ರಾಂ, ಗ್ರೀಸು ಸೀಲುಗಳ ಅಂಟು ಬೇರೆ. ಆರು ಗ್ರಾಮಿಗಾಗಿ ಮೇಲ್ಛಾವಣಿಗೆ ಸೆನ್ಸರು, ಕಾಯಿಲು, ಬ್ಯಾಟರಿ ತೂಗುಹಾಕುವವರು ಯಾರಾದರೂ ಇದ್ದರೆ ಕಳಿಸಿಕೊಡಿ, ವೈಂಡಿಂಗ್ ನಾನೇ ಮಾಡಿಕೊಡುತ್ತೇನೆ.

ಹುಡುಗನ ಪ್ರಾಜೆಕ್ಟಿನ ಕಥೆ ಹೇಳಿ ಮುಗಿಸುತ್ತೇನೆ. ಕೊನೆಗೆ ಒಂದು ಶಾಫ್ಟನ್ನು ಅಡ್ಡಲಾಗಿ ತೇಲಿಸಿ, ಒಂದು ತುದಿಯನ್ನು ಚೂಪು ಮಾಡಿ ಗಾಜಿನ ಚೂರಿಗೆ ಒರಗಿಸಿದ. ಒಮ್ಮೆ ಚಿಮ್ಮಿದರೆ ಬಹಳ ಹೊತ್ತು ತಿರುಗುತ್ತದೆ. ನೋಡಲು ಚೆಂದ, ನನಗೂ ಹೆಮ್ಮೆಯೇ. ವರದಿಯ ಮೇಲೆ 'ಸಂಪೂರ್ಣ ಘರ್ಷಣಾರಹಿತ ಕಾಂತೀಯ ಬೇರಿಂಗ್' ಎಂದು ಅಚ್ಚು ಹಾಕಿಸಿದ್ದಾನೆ. ಒಳಗೆ ಬಣ್ಣದ ಫೋಟೊ. ಶಾಫ್ಟಿದೆ, ಉಂಗುರಗಳಿವೆ, ಗಾಜಿನ ಚೂರು ಬರುವ ಕಡೆ ಕತ್ತರಿ ಬಿದ್ದಿದೆ. 'ಗಾಜೆಲ್ಲೋ?' ಎಂದೆ. 'ಫ್ರೇಮಿಗೆ ಹಿಡೀಲಿಲ್ಲ ಮಾವ' ಎಂದ.

ಇಂತು ತಮ್ಮ ವಿಧೇಯ,
ತಿಪಟೂರಿನ ವೈಂಡಿಂಗ್ ಅಂಗಡಿಯವನು

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಹುಡುಗ ಮತ್ತೆ ಬಂದಿದ್ದ. ಮೊನೆ ತಾಗಿ ತಾಗಿ ಗಾಜಿನಲ್ಲಿ ಸಣ್ಣ ಗುಳಿ ಬಿದ್ದಿದೆಯಂತೆ, ನಾಡಿದ್ದು ಪರೀಕ್ಷಕರು ಬರುತ್ತಾರಂತೆ. ಮೊನೆಗೆ ಅಂಟಿಸಲು ಹಳೆಯ ಬೇರಿಂಗಿನ ಒಂದು ಗುಂಡು ಕೇಳಿದ. ಕೊಟ್ಟಿದ್ದೇನೆ. ದುಡ್ಡು ತಗೊಂಡಿಲ್ಲ.